ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಂಕಿ ತಂದ ಪ್ರೊಮಿಥಿಯಸ್

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಗ್ರೀಕ್ ಪುರಾಣದ ಪ್ರೊಮಿಥಿಯಸ್‌ನ ಕಥೆಯನ್ನು ನಾಟಕ ಮಾಡಿಸುತ್ತಿದ್ದೇವೆ. ದೇವತೆಗಳ ಬೆಂಕಿಯನ್ನು ಅವನು ಸೋಂಪಿನ ಕಡ್ಡಿಯಲ್ಲಿ ಬಚ್ಚಿಟ್ಟು ತಂದನಂತೆ. ಅಷ್ಟು ಸಣ್ಣ ದಂಟಿನಲ್ಲಿ ಬೆಂಕಿ ತರಲಾದೀತೇ? ರಂಗದ ಮೇಲೆ ತೋರಿಸುವುದು ಹೇಗೆ?
– ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸೋಂಪಿನ ಗಿಡವಲ್ಲ ಅದು. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಹೇಳಿದ್ದು ‘ನಾರ್ಥೆಕ್ಸ್’, ಅಂದರೆ ಫೆರುಲಾ ಕಮ್ಯೂನಿಸ್ ಎಂಬ ಗಿಡ. ನಾವು ಒಗ್ಗರಣೆಗೆ ಹಾಕುವ ಇಂಗು ಇದೇ ಫೆರುಲಾ ಕುಲದ ಬೇರೆ ಗಿಡಗಳ ಅಂಟು. ಮೆಡಿಟರೇನಿಯನ್ ತೀರದಲ್ಲಿ ಈ ನಾರ್ಥೆಕ್ಸ್ ಆಳೆತ್ತರ ಮೀರಿ, 2–3 ಮೀಟರ್ ಬೆಳೆಯುತ್ತದೆ. ದಂಟಿನ ಹೊರಗೆ ಗಟ್ಟಿ ಸಿಪ್ಪೆ, ಒಳಗೆಲ್ಲ ಬಿಳಿ ಬೆಂಡು. ಒಣಗಿದ ದಂಟಿನ ತುದಿಗೆ ಕಿಡಿ ತಾಗಿಸಿದರೆ ಜ್ವಾಲೆ ಏಳುವುದಿಲ್ಲ. ಬೆಂಡು ಊದುಬತ್ತಿಯ ಹಾಗೆ ಒಳಗೊಳಗೇ ನಿಧಾನವಾಗಿ ಕನಲುತ್ತದೆ, ಸಿಪ್ಪೆ ಹಾಗೆಯೇ ಉಳಿಯುತ್ತದೆ. ಗ್ರೀಕ್ ದ್ವೀಪಗಳ ಜನ ಬೆಂಕಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತಿದ್ದುದೇ ಹೀಗೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಿಗ್ಗೆ ಕೆದಕಿ ಒಲೆ ಹಚ್ಚುತ್ತಿದ್ದ ಮಲೆನಾಡಿನ ಮನೆಗಳಿಗೆ ಈ ಉಪಾಯ ಹೊಸದೇನಲ್ಲ. ಕದ್ದವನ ಕೈಯಲ್ಲಿದ್ದದ್ದು ಉರಿಯುವ ಪಂಜಲ್ಲ, ಯಾರೂ ಅನುಮಾನಪಡದ ಒಂದು ಒಣ ಕೋಲು. ದೃಶ್ಯದ ಜೀವ ಇರುವುದು ಇದರಲ್ಲೇ, ದಯವಿಟ್ಟು ಹುಡುಗನ ಕೈಗೆ ಪಂಜು ಕೊಡಬೇಡಿ.

ರಂಗದ ಮೇಲೆ ನಿಜವಾದ ಕೆಂಡವೂ ಬೇಡ. ಬಿದಿರಿನೊಳಗೆ ಕೆಂಡ ಇಟ್ಟರೆ ಮುಚ್ಚಿದ ಗೆಣ್ಣಿನ ಗಾಳಿ ಕಾದು ಕೊಳವೆ ಸಿಡಿಯಬಹುದು. ತೆಳು ಗೋಡೆಯ ವಾಟೆ ಬಿದಿರಿನ ಮೂರಡಿ ತುಂಡು ಸಾಕು, ಮಕ್ಕಳ ಕೈಗೆ ಹಗುರ. ಒಂದು ತುದಿಯಲ್ಲಿ ನಾಲ್ಕು ಬೆರಳಷ್ಟು ಒಳಗೆ, ಸೆಲ್ಲಿನಿಂದ ಉರಿಯುವ ಸಣ್ಣ ಎಲ್‌ಇಡಿ ಇಟ್ಟು, ಮುಂದೆ ಕೆಂಪು ಜಿಲೆಟಿನ್ ಕಾಗದ ಸುಕ್ಕು ಮಾಡಿ ತುರುಕಿ. ಸ್ವಿಚ್ಚು ಹೆಬ್ಬೆರಳಿಗೆ ಸಿಗುವಂತಿರಲಿ. ದೀಪ ಕೊಳವೆಯ ಬಾಯಲ್ಲೇ ಇದ್ದರೆ ಬರಿಯ ಟಾರ್ಚಿನಂತೆ ಕಾಣುತ್ತದೆ, ತೀರಾ ಆಳಕ್ಕೆ ಹೋದರೆ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ರಂಗದ ಬೆಳಕು ಅರ್ಧಕ್ಕಿಳಿಸಿ, ಮನುಷ್ಯರ ಗುಂಪನ್ನು ತಲುಪಿದಾಗ ಮಾತ್ರ ಕೋಲನ್ನು ಪ್ರೇಕ್ಷಕರತ್ತ ತಿರುಗಿಸಲಿ.

ಪ್ರಶ್ನೆ: ದೇವತೆಗಳ ರಾಜ ಜ್ಯೂಸ್ ಮನುಷ್ಯರಿಗೆ ಬೆಂಕಿ ಯಾಕೆ ಕೊಡಲಿಲ್ಲ? ಬರೀ ಹೊಟ್ಟೆಕಿಚ್ಚೇ?
– ಅದೇ ಶಾಲೆಯ ವಿದ್ಯಾರ್ಥಿ

ಉತ್ತರ: ಹೆಸಿಯಡ್‌ನ ಪ್ರಕಾರ ಜಗಳ ಶುರುವಾದದ್ದು ಊಟದ ಪಾಲಿನಲ್ಲಿ. ಮೆಕೋನೆ ಎಂಬಲ್ಲಿ ದೇವರಿಗೂ ಮನುಷ್ಯರಿಗೂ ಎತ್ತಿನ ಮಾಂಸ ಹಂಚುವಾಗ ಪ್ರೊಮಿಥಿಯಸ್ ಎರಡು ಪಾಲು ಮಾಡಿದ. ಒಂದರಲ್ಲಿ ಒಳ್ಳೆಯ ಮಾಂಸ, ಮೇಲೆ ನೋಡಲು ಅಸಹ್ಯವಾದ ಜಠರದ ಹೊದಿಕೆ. ಇನ್ನೊಂದರಲ್ಲಿ ಬರೀ ಮೂಳೆ, ಮೇಲೆ ಹೊಳೆಯುವ ಕೊಬ್ಬು. ಜ್ಯೂಸ್ ಕೊಬ್ಬಿನ ಪಾಲನ್ನೇ ಆರಿಸಿಕೊಂಡ. ಗ್ರೀಕರು ಬಲಿಪೀಠದಲ್ಲಿ ದೇವರಿಗೆ ಮೂಳೆ ಸುಟ್ಟು, ಮಾಂಸವನ್ನು ತಾವು ತಿನ್ನುತ್ತಿದ್ದ ಪದ್ಧತಿಗೆ ಈ ಕಥೆಯೇ ಸಮರ್ಥನೆ. ಜ್ಯೂಸ್ ಬೆಂಕಿ ತಡೆಹಿಡಿದದ್ದು ಆ ಸಿಟ್ಟಿನಿಂದ.

ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಹೆಸರಿನಲ್ಲಿ ಉಳಿದಿರುವ ನಾಟಕದಲ್ಲಿ ಇದರ ಸುದ್ದಿಯೇ ಇಲ್ಲ. ಅಲ್ಲಿ ಜ್ಯೂಸ್ ಮನುಕುಲವನ್ನೇ ಅಳಿಸಲು ಹೊರಟಿರುತ್ತಾನೆ, ಪ್ರೊಮಿಥಿಯಸ್ ಅಡ್ಡ ನಿಲ್ಲುತ್ತಾನೆ. ಬೆಂಕಿಯಷ್ಟೇ ಅಲ್ಲ, ಅಂಕಿ, ಅಕ್ಷರ, ನೊಗ ಹೂಡುವುದು, ಹಡಗು, ಔಷಧಿ ಎಲ್ಲವನ್ನೂ ಕಲಿಸಿದವನು ತಾನೇ ಎನ್ನುತ್ತಾನೆ. ಎರಡನ್ನೂ ಬೆರೆಸಿದರೆ ಜ್ಯೂಸ್‌ನ ಪಾತ್ರ ಕೆಡುತ್ತದೆ: ಮೋಸಹೋದವನೋ, ದಬ್ಬಾಳಿಕೆಯವನೋ ಗೊತ್ತಾಗುವುದಿಲ್ಲ. ಮಕ್ಕಳಿಗೆ ಮೆಕೋನೆಯ ಕಥೆಯೇ ವಾಸಿ, ಆಡಲು ಕೆಲಸವಿದೆ. ಈಸ್ಕಿಲಸ್‌ನಿಂದ ಒಂದನ್ನು ಮಾತ್ರ ತೆಗೆದುಕೊಳ್ಳಿ. ಬೆಂಕಿ ಕದ್ದದ್ದಕ್ಕೆ ಶಿಕ್ಷೆಯಾಗಿ ಬಂಡೆಗೆ ಸರಪಳಿಯಿಂದ ಬಿಗಿಯುವಷ್ಟು ಹೊತ್ತೂ ಅವನ ಪ್ರೊಮಿಥಿಯಸ್ ತುಟಿ ಬಿಚ್ಚುವುದಿಲ್ಲ. ಬಿಗಿದವರು ಹೋದ ಮೇಲೇ ಮಾತು. ಹುಡುಗನಿಂದ ಕಿರುಚಿಸಬೇಡಿ.

ಪ್ರಶ್ನೆ: ಬೆಂಕಿ ಹುಟ್ಟಿಸಲು ಅರಣಿಯಲ್ಲಿ ಕಡೆಯುವ ಕೋಲು ‘ಪ್ರಮಂಥ’ದಿಂದಲೇ ಪ್ರೊಮಿಥಿಯಸ್ ಎಂಬ ಹೆಸರು ಬಂತು ಎನ್ನುತ್ತಾರೆ. ನಿಜವೇ?
– ಓದುಗರು, ಸಾಗರ

ಉತ್ತರ: 19ನೇ ಶತಮಾನದ ಜರ್ಮನ್ ವಿದ್ವಾಂಸರು ಹಬ್ಬಿಸಿದ ಮಾತು. ಇಂದಿನ ಭಾಷಾವಿಜ್ಞಾನಿಗಳು ಸಂಸ್ಕೃತದಲ್ಲಿ ‘ಕಡೆಯುವುದು’ ಎಂಬರ್ಥದ ಧಾತುವನ್ನೂ ‘ಕಸಿದುಕೋ’ ಎಂಬರ್ಥದ ಇನ್ನೊಂದನ್ನೂ ಬೇರ್ಪಡಿಸುತ್ತಾರೆ. ಸಂಬಂಧ ಇದ್ದರೆ ಎರಡನೆಯದಕ್ಕೆ. ಗ್ರೀಕರಂತೂ ‘ಮುಂದಾಲೋಚನೆಯವನು’ ಎಂದೇ ತಿಳಿದಿದ್ದರು, ಅದಕ್ಕೇ ತಮ್ಮನ ಹೆಸರು ಎಪಿಮಿಥಿಯಸ್, ಕೆಟ್ಟ ಮೇಲೆ ಬುದ್ಧಿ ಬಂದವನು. ಹೋಲಿಸಲೇಬೇಕೆಂದರೆ ಋಗ್ವೇದದ ಮಾತರಿಶ್ವನನ್ನು ನೋಡಿ. ಅವನೂ ದೂರದಿಂದ ಅಗ್ನಿಯನ್ನು ಭೃಗು ಕುಲದ ಋಷಿಗಳಿಗೆ ತಂದುಕೊಟ್ಟವನು. ಆದರೆ ಅವನಿಗೆ ಶಿಕ್ಷೆಯಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕು ಕ್ರೀಡಾಕೂಟದಲ್ಲೂ ಜ್ಯೋತಿ ಹೊತ್ತು ಓಡುತ್ತಾರೆ. ಇದು ಪ್ರೊಮಿಥಿಯಸ್‌ನ ನೆನಪೇ?
– ಓದುಗರು, ಹೊಸನಗರ

ಉತ್ತರ: ಒಲಿಂಪಿಕ್ ಜ್ಯೋತಿ ಓಟ ಶುರುವಾದದ್ದು 1936ರ ಬರ್ಲಿನ್ ಕೂಟಕ್ಕೆ, ಪ್ರಾಚೀನ ಒಲಿಂಪಿಕ್ಸ್‌ನಲ್ಲಿ ಅದಿರಲಿಲ್ಲ. ಪ್ರೊಮಿಥಿಯಸ್‌ಗೆ ನೇರ ಸಂಬಂಧವಿದ್ದ ಓಟ ಅಥೆನ್ಸಿನದು. ಊರ ಹೊರಗಿನ ಅಕಾಡೆಮಿ ಎಂಬ ತೋಪಿನಲ್ಲಿದ್ದ ಅವನ ಬಲಿಪೀಠದಿಂದ ಊರಿನತ್ತ ಪಂಜು ಹಿಡಿದು ಓಡುತ್ತಿದ್ದರು. ಪ್ರಾಚೀನ ಗ್ರೀಕ್ ಪ್ರವಾಸಿ ಪಾಸೇನಿಯಸ್ ಬರೆದಿಟ್ಟ ನಿಯಮ ಹೀಗೆ: ಮೊದಲಿಗನ ಪಂಜು ಆರಿದರೆ ಗೆಲುವು ಎರಡನೆಯವನಿಗೆ, ಅವನದೂ ಆರಿದರೆ ಮೂರನೆಯವನಿಗೆ. ಎಲ್ಲರದೂ ಆರಿದರೆ ಯಾರೂ ಗೆದ್ದಂತಲ್ಲ.