ಬಂಪರ್ ಮಧ್ಯದ ನಾಲ್ಕಿಂಚು ತುಂಡು

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಪೆದ್ದುತನ ನೆನಪಾಯಿತು. ಅಜ್ಜನ ಶೆಡ್ಡಿನಲ್ಲಿರುವ ಹಳೇ ಇಂಗ್ಲಿಷ್ ಕಾರು ಮಾರಿಸ್ ಮೈನರ್‌ನ ಬಂಪರನ್ನು ಮಧ್ಯಕ್ಕೆ ಕತ್ತರಿಸಿ, ಒಂದು ತುಂಡು ಇಟ್ಟು ಸೇರಿಸಿದ ಹಾಗಿದೆ ಅಂದಿದ್ದೀರಿ. ಬಾನೆಟ್ ಮೇಲೂ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಇದೆ. ಯಾವತ್ತೋ ಆಕ್ಸಿಡೆಂಟ್ ಆಗಿತ್ತಾ, ಸರಿ ಮಾಡಿಸಬೇಕಾ ಅಂತ ಕೇಳಿದ್ದೀರಿ. ಆಗಿಲ್ಲ, ಮಾಡಿಸಬೇಡಿ. ಅದು ತೇಪೆಯೇ ಹೌದು, ಆದರೆ ಹಾಕಿದ್ದು ಕಂಪನಿಯವರೇ.

ನಮ್ಮಪ್ಪ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಟಿಂಕರ್, ಅಂದರೆ ಗಾಡಿಯ ಬಾಡಿ ತಟ್ಟಿ ಸರಿ ಮಾಡುವವರು ಆಗಿದ್ದರು. ನಾನೀಗ ಕೋಲಾರದಲ್ಲಿ ಅದೇ ಸುತ್ತಿಗೆ ಹಿಡಿದಿದ್ದೇನೆ. ಕೆಲಸ ಕಲಿಯುವಾಗ ಒಂದು ಮೈನರ್ ಬಂತು, ಬಂಪರ್‌ಗೆ ಕ್ರೋಮ್ ಮಾಡಿಸಬೇಕಿತ್ತು. ಬಿಚ್ಚಿದೆ. ಮಧ್ಯದ ತುಂಡನ್ನು ಯಾವನೋ ವೆಲ್ಡರ್ ಅಂಟಿಸಿದ ತೇಪೆ ಅಂದುಕೊಂಡು ಗುಜರಿ ಮೂಟೆಗೆ ಎಸೆದೆ. ಎರಡು ಭಾಗಗಳನ್ನು ಮಾತ್ರ ಕ್ರೋಮ್‌ಗೆ ಕಳಿಸಿದೆ. ಫಳಫಳ ಹೊಳೆಯುತ್ತಾ ವಾಪಸ್ ಬಂದವು. ಕೂರಿಸಲು ಹೋದರೆ ಒಂದಕ್ಕೊಂದು ಮುಟ್ಟುವುದೇ ಇಲ್ಲ! ಮಧ್ಯೆ ಅಂಗೈಯಗಲ ಗ್ಯಾಪ್. ಬ್ರಾಕೆಟ್ ಸಡಿಲ ಮಾಡಿ ಎಳೆದೆ, ಬೋಲ್ಟ್ ಬದಲಾಯಿಸಿದೆ. ಅಪ್ಪ ಸ್ಟೂಲ್ ಮೇಲೆ ಕೂತು ಟೀ ಕುಡಿಯುತ್ತಾ ಸುಮ್ನೆ ನೋಡುತ್ತಿದ್ದರು. ಕೊನೆಗೆ ಟೇಪ್ ಕೈಗಿಟ್ಟು "ಅಳಿ" ಅಂದರು. ಸರಿಯಾಗಿ ನಾಲ್ಕು ಇಂಚು. ಮೂಟೆ ಆಗಲೇ ಗುಜರಿ ಅಂಗಡಿ ಸೇರಿತ್ತು. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗಿ, ಅರ್ಧ ದಿನ ರಾಶಿ ಕೆದಕಿ ಆ ತುಂಡು ತಂದೆ.

ನಡೆದದ್ದು ಇಷ್ಟು. ಮೈನರ್ ವಿನ್ಯಾಸ ಇಂಜಿನಿಯರ್ ಅಲೆಕ್ ಇಸ್ಸಿಗೊನಿಸ್ ಅವರದ್ದು. 1948ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಬಿಡುಗಡೆ ಆಗಬೇಕಿತ್ತು, ಹೆಚ್ಚುಕಮ್ಮಿ ಎಲ್ಲಾ ತಯಾರಾಗಿತ್ತು. ಅಷ್ಟರಲ್ಲಿ ಅವರ ಕಣ್ಣಿಗೆ ಗಾಡಿ ಯಾಕೋ ಸಣಕಲು ಅನ್ನಿಸಿತು. ಒಂದು ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿದರು. ಎರಡು ಹೋಳನ್ನೂ ಸ್ವಲ್ಪ ಸ್ವಲ್ಪ ದೂರ ಸರಿಸಿ ನೋಡಿ, ನಾಲ್ಕು ಇಂಚಿಗೆ ಬಂದಾಗ ಸರಿ ಅಂದರು. ಪೂರ್ತಿ ಕಣ್ಣಳತೆಯ ಲೆಕ್ಕ. ಆದರೆ ಬಂಪರ್‌ಗಳು ಹಳೇ ಅಳತೆಗೆ ತಯಾರಾಗಿಬಿಟ್ಟಿದ್ದವು. ಬಿಸಾಡೋಕೆ ಆಗುತ್ತಾ? ಮಧ್ಯಕ್ಕೆ ಕತ್ತರಿಸಿ ನಾಲ್ಕಿಂಚಿನ ತುಂಡು ಕೂರಿಸಿದರು. ಬಾನೆಟ್ ಮೇಲಿನ ಪಟ್ಟಿಯೂ ಆ ಅಗಲದ ಗುರುತೇ. ಬಂಪರ್ ಆಮೇಲೆ ಒಂದೇ ತುಂಡಾಯಿತು, ಬಾನೆಟ್ ಪಟ್ಟಿ ಮಾತ್ರ ಕೊನೇವರೆಗೂ ಉಳಿಯಿತು.

ಬಾನೆಟ್ ಎತ್ತಿದರೆ ಇನ್ನೊಂದು ಕಾಣುತ್ತದೆ. ಇಂಜಿನ್ ಎರಡೂ ಪಕ್ಕ ಜಾಗ ಜಾಸ್ತಿ ಖಾಲಿ. ಅಲ್ಲಿ ಕೂರಬೇಕಾಗಿದ್ದು ಎರಡು ಕಡೆಗೂ ಮಲಗಿದ ಸಿಲಿಂಡರ್‌ಗಳ ಅಗಲವಾದ ಇಂಜಿನ್. ಅದು ಕೈಗೂಡದೆ ಹಳೇ ಮಾರಿಸ್ ಏಯ್ಟ್‌ನ 918 ಸಿಸಿ ಇಂಜಿನ್ ಹಾಕಿದರು. ಮೆಕ್ಯಾನಿಕ್‌ಗಳಿಗೆ ಅದೇ ಪುಣ್ಯ, ಕೈ ಆರಾಮಾಗಿ ಹೋಗುತ್ತದೆ.

ಇಂಥ ವಿಚಿತ್ರಗಳು ಬೇರೆ ಗಾಡಿಗಳಲ್ಲೂ ಇವೆಯಾ ಅಂದಿರಿ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಿ. ಮೈಮೇಲೆಲ್ಲಾ ಜೋಡಣೆಯ ಗೆರೆಗಳು. ಬಾನೆಟ್ ಎತ್ತಿದರೆ ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಅದು ಮೂಲದಲ್ಲಿ ಇಂಗ್ಲೆಂಡಿನ 1959ರ ಟ್ರಯಂಫ್ ಹೆರಾಲ್ಡ್. ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡುಕೊಂಡಿತು. ಇಡೀ ಬಾಡಿ ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು. ಹಾಗಾಗಿ ಛಾಸಿ ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟನ್ನು ಬೇರೆಯಾಗಿಯೇ ಇಟ್ಟು, ಬಾಡಿಯನ್ನು ತುಂಡು ತುಂಡಾಗಿ ಮಾಡಿಸಿ ಬೋಲ್ಟ್ ಹಾಕಿದರು. ನಮ್ಮಲ್ಲಿ ಆ ಗೆರೆಗಳಿಗೆ ಪುಟ್ಟಿ (ಸಂದು ತುಂಬುವ ಪೇಸ್ಟ್) ಮೆತ್ತಿ ಮುಚ್ಚುತ್ತಾರೆ. ಗಾಡಿ ನಾಲ್ಕು ಹಳ್ಳ ಹತ್ತಿ ಇಳಿದರೆ ಛಾಸಿ ತಿರುಚುತ್ತದೆ, ಪುಟ್ಟಿ ಬಿರುಕು ಬಿಡುತ್ತದೆ. ಗಿರಾಕಿ ಬಂದು ನಮ್ಮನ್ನೇ ಬೈಯುತ್ತಾರೆ.

ಮಹೀಂದ್ರದ ಹಳೇ ಸಿಜೆ 3ಬಿ ಜೀಪಿನ ಎತ್ತರದ ಬಾನೆಟ್‌ಗೆ ಕಾರಣ ಸಿಂಪಲ್. ಇಂಜಿನ್ ಎತ್ತರವಾಯಿತು, ಅದಕ್ಕೆ ಬಾನೆಟ್ಟೂ ಎದ್ದಿತು. ಅಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟ ಡಿಕ್ಕಿ. ಸಾಮಾನು ಇಡುವ ಜಾಗಕ್ಕೆ ನಾವು ಡಿಕ್ಕಿ ಅನ್ನುತ್ತೇವೆ, ಗುದ್ದಿದರೂ ಡಿಕ್ಕಿ. ಮೊದಲನೆಯದು ಬಂದದ್ದು ಡಿಕಿ ಸೀಟ್‌ನಿಂದ. 1920, 30ರ ಎರಡು ಸೀಟಿನ ಕಾರುಗಳಲ್ಲಿ ಹಿಂದಿನ ಮುಚ್ಚಳ ಎತ್ತಿದರೆ ಬಯಲಿನಲ್ಲೇ ಒಂದು ಸೀಟು ತೆರೆಯುತ್ತಿತ್ತು. ಹಿಂದಿನ ಮಡ್‌ಗಾರ್ಡ್ ಮೇಲೆ ಕಾಣುವ ಅಂಗೈಯಷ್ಟು ಲೋಹದ ಬಿಲ್ಲೆ ಅಲ್ಲಿಗೆ ಹತ್ತಲು ಇಟ್ಟ ಮೆಟ್ಟಿಲು. ಕೆಲವಕ್ಕೆ ಪಕ್ಕದಲ್ಲಿ ಇನ್ನೊಂದು ಪುಟ್ಟ ಬಾಗಿಲು. ಗಣಿ ಸಾಹೇಬರ ಒಂದು ಕಾರಿಗೆ ಅದಿತ್ತಂತೆ. ಅಪ್ಪ ಮತ್ತು ಅವರ ಗೆಳೆಯರು ಅದನ್ನು ಸಾಹೇಬರ ನಾಯಿ ಬಾಗಿಲು ಅಂತಲೇ ನಂಬಿದ್ದರು. ಅದು ಗಾಲ್ಫ್ ಕೋಲಿನ ಚೀಲ ಇಡುವ ಬಾಗಿಲು. ಕೆಜಿಎಫ್ ಕ್ಲಬ್ಬಿಗೆ ಗಾಲ್ಫ್ ಮೈದಾನ ಇತ್ತಲ್ವಾ, ಅಲ್ಲಿಗೆ ಹೋಗುವವರಿಗೆ ಬೇಕಿತ್ತು.

ಇನ್ನು ನಿಮ್ಮ ಗಾಡಿ. ಹೆಡ್‌ಲೈಟ್ ಗ್ರಿಲ್ ಪಕ್ಕ ಕೆಳಗಿದೆಯಾ, ಮಡ್‌ಗಾರ್ಡ್ ಮೇಲಿದೆಯಾ ನೋಡಿ. ಅಮೆರಿಕದ ನಿಯಮಕ್ಕೆ ತಕ್ಕಂತೆ ದೀಪಗಳನ್ನು ಆಮೇಲೆ ಮೇಲಕ್ಕೆ ತಂದರು. ಕೆಳಗಿದ್ದರೆ ಅದು ಶುರುವಿನ ಗಾಡಿ, ಬಂಪರ್ ತುಂಡಿಗೂ ತಾಳೆಯಾಗುತ್ತದೆ. ತುಂಡಿಗೆ ಟೇಪ್ ಹಿಡಿದು ಅಳೆಯಿರಿ. ಬಣ್ಣಕ್ಕೆ ಕೊಡುವುದಾದರೆ ಬಂಪರ್‌ನ ಮೂರು ತುಂಡುಗಳನ್ನೂ ಎಣಿಸಿ ಕೊಟ್ಟು, ಎಣಿಸಿಯೇ ವಾಪಸ್ ತಗೊಳ್ಳಿ. ಅಂಗಡಿಯಲ್ಲಿ ನನ್ನಂಥ ಹುಡುಗ ಯಾರಾದರೂ ಇರಬಹುದು.