ಮೆಷಿನ್ ಮ್ಯಾನ್ಯುಯಲ್ ಬರೆಯಲು ಯಾವ ಕಮಾಂಡ್ ಲೈನ್ ಟೂಲ್ ಒಳ್ಳೆಯದು?

ವರ್ಡ್‌ನಲ್ಲಿ ಮ್ಯಾನ್ಯುಯಲ್ ಮಾಡಿ ಸಾಕಾಗಿದೆ, ಒಂದು ಸಾಲು ಸೇರಿಸಿದರೆ ಟೇಬಲ್ ಮುಂದಿನ ಪುಟಕ್ಕೆ ಜಿಗಿಯುತ್ತದೆ, ಕನ್ನಡಕ್ಕೂ ಇಂಗ್ಲಿಷಿಗೂ ಆಗುವ ಓಪನ್ ಸೋರ್ಸ್ ಟೂಲ್ ಯಾವುದು ಅಂತ ಕೇಳಿದ್ದೀರಿ. ಪ್ಯಾಂಡಾಕ್‌ನಿಂದ ಶುರು ಮಾಡಿ, ಅದು ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ಬದಲಿಸಿಕೊಡುವ ಟೂಲ್. ಉಳಿದದ್ದೆಲ್ಲ ಆಮೇಲೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ ಮಾಡುವ ಸಣ್ಣ ಕಾರ್ಖಾನೆಯಲ್ಲಿದ್ದೇನೆ. ನನ್ನ ಕೆಲಸ ಡ್ರಾಯಿಂಗ್. ‘ಹೇಗೂ ಕಂಪ್ಯೂಟರ್ ಮುಂದೇ ಇರ್ತೀಯಲ್ಲ’ ಅಂತ ಮ್ಯಾನ್ಯುಯಲ್ಲೂ ನನ್ನ ತಲೆಗೇ ಬಂತು. ನಮ್ಮ ಕಡೆ ಇಂಗ್ಲಿಷ್, ಕನ್ನಡ, ಮರಾಠಿ ಮೂರೂ ಬೇಕು.

ಈಗ ಮಾರ್ಕ್‌ಡೌನ್‌ನಲ್ಲಿ ಬರೆಯುತ್ತೇನೆ, ಅಂದರೆ ಸಾದಾ ಪಠ್ಯದಲ್ಲೇ ಸಣ್ಣ ಗುರುತು ಹಾಕಿ ಬರೆಯುವ ರೀತಿ. ಸಾಲಿನ ಮುಂದೆ ಒಂದು ಹ್ಯಾಶ್ (#) ಹಾಕಿದರೆ ತಲೆಬರಹ, ಅಷ್ಟೇ. ಅದೇ ಫೈಲಿನಿಂದ ಪ್ಯಾಂಡಾಕ್ ಪಿಡಿಎಫ್, ವರ್ಡ್, ವೆಬ್ ಪುಟ ಎಲ್ಲ ತೆಗೆದುಕೊಡುತ್ತದೆ. ಇದು 2006ರಿಂದ ಇದೆ. ಬರೆದವರು ಜಾನ್ ಮ್ಯಾಕ್‌ಫಾರ್ಲೇನ್, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್! ಹಾಗಾಗಿ ‘ನಾನು ಪ್ರೋಗ್ರಾಮರ್ ಅಲ್ಲ’ ಅಂತ ಹೆದರಬೇಡಿ.

ಕನ್ನಡ ಪಿಡಿಎಫ್ ಮಾತ್ರ ನನ್ನನ್ನು ಎರಡು ದಿನ ಸತಾಯಿಸಿತು. ಪ್ಯಾಂಡಾಕ್ ಸುಮ್ನೆ ಬಿಟ್ಟರೆ ಪಿಡಿಎಫ್ ಮಾಡಲು ಲಾಟೆಕ್ ಅನ್ನುವ ಪುಟ ಜೋಡಿಸುವ ವ್ಯವಸ್ಥೆಯ ಪಿಡಿಎಫ್‌ಲಾಟೆಕ್ ಎಂಜಿನ್ ಬಳಸುತ್ತದೆ. ಅದು ಮೊದಲ ಕನ್ನಡ ಅಕ್ಷರ ಕಂಡ ಕೂಡಲೇ ಎರರ್ ಕೊಟ್ಟು ನಿಂತಿತು. ಪಿಡಿಎಫ್ ಎಂಜಿನ್ ಆಯ್ಕೆಯಲ್ಲಿ ಲಾಟೆಕ್‌ನದ್ದೇ ಇನ್ನೊಂದು ಎಂಜಿನ್ ಝೀಲಾಟೆಕ್ ಅಂತ ಕೊಟ್ಟೆ. ಪಿಡಿಎಫ್ ಬಂತು, ಆದರೆ ಪುಟದ ತುಂಬ ಬರೀ ಅಂಕಿ, ಚುಕ್ಕೆ. ಅದರ ಮಾಮೂಲಿ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಫಾಂಟ್ ಹೆಸರು ಹೇಳುವ ಮೇನ್‌ಫಾಂಟ್ ಅನ್ನುವ ಜಾಗದಲ್ಲಿ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದೆ. ಅಕ್ಷರ ಬಂದವು, ಒತ್ತು ಬರಲಿಲ್ಲ. ‘ಎಣ್ಣೆ’ಯ ಎರಡನೇ ಣ ಕೆಳಗೆ ಕೂರುವ ಬದಲು ಪಕ್ಕದಲ್ಲಿ ದೊಡ್ಡದಾಗಿ ನಿಂತಿತ್ತು. ನಮ್ಮ ಫಿಟ್ಟರ್ ನೋಡಿ ‘ಇದ್ಯಾವ ಭಾಷೆ ರೀ’ ಅಂದರು. ಕೊನೆಗೆ ಗೊತ್ತಾಯಿತು: ಮೇನ್‌ಫಾಂಟ್‌ಆಪ್ಷನ್ಸ್ ಅನ್ನುವ ಇನ್ನೊಂದು ಜಾಗವಿದೆ, ಅಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಹೇಳಬೇಕು. ಅಕ್ಷರ ಜೋಡಿಸುವ ನಿಯಮ ಫಾಂಟ್ ಒಳಗೇ ಇರುತ್ತದೆ, ಯಾವ ಲಿಪಿಯದ್ದು ಹಚ್ಚಬೇಕು ಅಂತ ನಾವು ಹೇಳದಿದ್ದರೆ ಅದು ಬಿಡಿಬಿಡಿಯಾಗಿ ಇಟ್ಟುಬಿಡುತ್ತದೆ. ಮರಾಠಿಗೆ ಇದೇ ಜಾಗದಲ್ಲಿ ದೇವನಾಗರಿ, ಫಾಂಟೂ ಅದರದ್ದೇ.

ಲಾಟೆಕ್ ಇನ್‌ಸ್ಟಾಲ್ ಮಾಡೋದು ಭಾರ ಅನಿಸಿದರೆ ಅದೇ ಎಂಜಿನ್ ಜಾಗದಲ್ಲಿ ವೀಸಿಪ್ರಿಂಟ್ ಕೊಡಿ. ಅದು ಎಚ್‌ಟಿಎಂಎಲ್‌ನಿಂದ, ಅಂದರೆ ವೆಬ್ ಪುಟದಿಂದ, ಪಿಡಿಎಫ್ ಮಾಡುತ್ತದೆ, ಒತ್ತಕ್ಷರ ತಾನಾಗಿಯೇ ಸರಿ ಬರುತ್ತದೆ. ಆದರೆ ಪುಟದ ಅಂದಚೆಂದಕ್ಕೆ ಸಿಎಸ್‌ಎಸ್ (ವೆಬ್ ಪುಟದ ರೂಪ ಹೇಳುವ ಭಾಷೆ) ಕಲಿಯಬೇಕು.

ಆಸ್ಕಿಡಾಕ್ಟರ್ ಅನ್ನುವ ಇಂಥದ್ದೇ ಇನ್ನೊಂದು ಟೂಲ್ ನನಗೆ ತುಂಬಾ ಇಷ್ಟ. ‘ಎಚ್ಚರಿಕೆ’ ಡಬ್ಬಿ, ಟೇಬಲ್ ಎಲ್ಲ ಮಾರ್ಕ್‌ಡೌನ್‌ಗಿಂತ ಚೆನ್ನಾಗಿ ಬರುತ್ತವೆ. ಬರೀ ಇಂಗ್ಲಿಷ್ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ಅದರ ಪಿಡಿಎಫ್ ಭಾಗ ಪ್ರಾನ್ ಅನ್ನುವ ಸಿದ್ಧ ಕೋಡ್ ಲೈಬ್ರರಿ ಮೇಲೆ ನಿಂತಿದೆ, ಅದಕ್ಕೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ.

ಸ್ಫಿಂಕ್ಸ್ ಅನ್ನುವ ದಾಖಲೆ ತಯಾರಿಸುವ ಟೂಲ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ದಾಖಲೆಗಳಿಗಾಗಿ 2008ರಲ್ಲಿ ಬಂದದ್ದು, ಈಗ ಲಿನಕ್ಸ್ ಕರ್ನಲ್ ದಾಖಲೆಗಳೂ ಅದರಲ್ಲೇ ಇವೆ. 30 ಪುಟದ ಮ್ಯಾನ್ಯುಯಲ್‌ಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆದರೆ ಮಾಡೆಲ್ ಜಾಸ್ತಿಯಾಗಿ, ಅನುವಾದ ಹಿಂದೆ ಬೀಳತೊಡಗಿದರೆ ಆಗ ನೋಡಿ. ಮೂಲದಲ್ಲಿ ಬದಲಾದ ಪ್ಯಾರಾ ಯಾವುದು ಅಂತ ಅನುವಾದದ ಫೈಲಿನಲ್ಲಿ ಗುರುತು ಹಾಕಿಕೊಡುತ್ತದೆ.

ಏನೇ ಬಳಸಿ, ಫೈಲುಗಳನ್ನು ಗಿಟ್‌ನಲ್ಲಿಡಿ, ಅದು ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್. ಒಬ್ಬ ಗಿರಾಕಿ ಫೋನ್ ಮಾಡಿ, ‘ನಮ್ಮ ಪುಸ್ತಕದಲ್ಲಿ ರಿಲೀಫ್ ವಾಲ್ವ್ 160 ಬಾರ್ ಅಂತಿದೆ, ನಿಮ್ಮ ಹುಡುಗ 140 ಅಂತಾನೆ’ ಅಂದರು. ಗಿಟ್ ಲಾಗ್‌ನಲ್ಲಿ ಯಾವತ್ತು ಬದಲಾಯಿತು, ಯಾಕೆ ಅಂತ ಎರಡು ನಿಮಿಷದಲ್ಲಿ ಸಿಕ್ಕಿತು. ವರ್ಡ್ ಕಾಲದಲ್ಲಿ ನನ್ನ ಹತ್ತಿರ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಮೂರು ಫೈಲ್ ಇದ್ದವು.

ಹಳೆಯ ವರ್ಡ್ ಫೈಲನ್ನೂ ಪ್ಯಾಂಡಾಕ್ ಮಾರ್ಕ್‌ಡೌನ್ ಮಾಡಿಕೊಡುತ್ತದೆ. ಎಕ್ಸ್‌ಟ್ರ್ಯಾಕ್ಟ್ ಮೀಡಿಯಾ ಆಯ್ಕೆ ಕೊಟ್ಟರೆ ಚಿತ್ರಗಳೂ ಬೇರೆ ಫೋಲ್ಡರಿಗೆ ಬರುತ್ತವೆ. ಸೆಲ್‌ಗಳನ್ನು ಕೂಡಿಸಿದ ಟೇಬಲ್‌ಗಳು ಮಾತ್ರ ಕಲಸುಮೇಲೋಗರ ಆಗಬಹುದು, ಹಾಗಾದರೆ ಅವನ್ನು ಕೈಯಾರೆ ಮತ್ತೆ ಬರೆಯಿರಿ.