ಪೋಕರ್ ಆಟದಲ್ಲಿ ಎದುರಾಳಿಯ ಹಾವಭಾವವನ್ನೂ ಪಣ ಕಟ್ಟುವ ರೀತಿಯನ್ನೂ ಓದುವುದು ಹೇಗೆ?

ಗೆಳೆಯರೊಂದಿಗೆ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್ ಆಡಲು ಕುಳಿತಾಗ ಅವರೆಲ್ಲ ನಿಮ್ಮ ಮುಖ ನೋಡಿಯೇ ನಿಮ್ಮ ಎಲೆ ಎಂಥದ್ದೆಂದು ಹೇಳಿಬಿಡುತ್ತಾರೆ, ನಿಮಗೆ ಮಾತ್ರ ಯಾರ ಮುಖದಲ್ಲಿಯೂ ಏನೂ ಕಾಣುವುದಿಲ್ಲ ಎಂದು ಬರೆದಿದ್ದೀರಿ. ಹಾವಭಾವ ನೋಡುವುದನ್ನು ಮೊದಲು ಕಲಿಯಬೇಕೋ, ಪಣ ಕಟ್ಟುವ ರೀತಿಯನ್ನು ಮೊದಲು ಕಲಿಯಬೇಕೋ ಎಂದೂ ಕೇಳಿದ್ದೀರಿ. ಪಣ ಕಟ್ಟುವ ರೀತಿಯನ್ನೇ ಮೊದಲು ಕಲಿಯಿರಿ ಎಂಬುದು ನನ್ನ ಉತ್ತರ. ಹಾವಭಾವವನ್ನು ಅದರ ಜೊತೆಗಿಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಬಿಡಿಯಾಗಿ ನೋಡಿದರೆ ಅದು ದಾರಿ ತಪ್ಪಿಸುವುದೇ ಹೆಚ್ಚು.

ನಾನು ರಾಯಚೂರಿನ ರಾಜೇಂದ್ರ ಗಂಜ್‌ನ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಆರು ವರ್ಷಗಳಿಂದ ನಾವು ಐದು ಜನ ಶನಿವಾರ ರಾತ್ರಿ ಸೇರಿ ಈ ಆಟ ಆಡುತ್ತಿದ್ದೇವೆ. ನಮ್ಮಲ್ಲಿ ಹಣವಿಲ್ಲ, ಹುಣಸೆಬೀಜವೇ ಪಣ. ತಿಂಗಳ ಮೊದಲ ಶನಿವಾರ ತಲಾ 200 ಬೀಜ ಎಣಿಸಿ ಹಂಚಿಕೊಳ್ಳುತ್ತೇವೆ, ತಿಂಗಳ ಕೊನೆಗೆ ಯಾರ ಡಬ್ಬಿಯಲ್ಲಿ ಎಲ್ಲರಿಗಿಂತ ಕಡಿಮೆ ಬೀಜ ಉಳಿದಿರುತ್ತದೆಯೋ ಅವರು ಭಾನುವಾರ ಬೆಳಿಗ್ಗೆ ಎಲ್ಲರಿಗೂ ಒಗ್ಗರಣೆ ಮಿರ್ಚಿ ಕೊಡಿಸಬೇಕು. ಪಣ ಸಣ್ಣದಾದರೂ ಲೆಕ್ಕ ತಿಂಗಳಿಡೀ ಮುಂದುವರಿಯುವುದರಿಂದ ಯಾರೂ ಬೀಜವನ್ನು ಹುಡುಗಾಟಕ್ಕೆ ಎಸೆಯುವುದಿಲ್ಲ. ಇದನ್ನು ಹೇಳಲು ಕಾರಣವಿದೆ: ಕಳೆದುಕೊಳ್ಳುವ ಅಳುಕು ಸ್ವಲ್ಪವಾದರೂ ಇರದ ಆಟದಲ್ಲಿ ಮುಖದ ಮೇಲೆ ಏನೂ ಮೂಡುವುದಿಲ್ಲ, ಓದಲು ಏನೂ ಸಿಗುವುದಿಲ್ಲ.

ಪಣದ ಮಾತು ಮೊದಲು ಏಕೆಂದರೆ, ಅದು ಎಲ್ಲರ ಎದುರಿಗೆ ನಡೆಯುವ, ನೆನಪಿಟ್ಟುಕೊಳ್ಳಬಹುದಾದ, ಆಮೇಲೆ ಪರೀಕ್ಷಿಸಬಹುದಾದ ಸಂಗತಿ. ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ ಸಿಗುತ್ತವೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಂದು ತೆರೆಯುತ್ತಾರೆ. ಆ ಮೂರನ್ನು ಫ್ಲಾಪ್, ನಾಲ್ಕನೆಯದನ್ನು ಟರ್ನ್, ಐದನೆಯದನ್ನು ರಿವರ್ ಎನ್ನುತ್ತಾರೆ. ಹೀಗೆ ಒಂದು ಕೈಯಲ್ಲಿ, ಅಂದರೆ ಒಂದು ಹಂಚಿಕೆಯ ಆಟದಲ್ಲಿ, ಪಣ ಕಟ್ಟುವ ಸುತ್ತು ನಾಲ್ಕು. ಒಬ್ಬ ಮನುಷ್ಯ ನಾಲ್ಕು ಸಲ ತೀರ್ಮಾನ ತೆಗೆದುಕೊಂಡರೆ ನಾಲ್ಕು ಸಲ ಬಾಯಿಬಿಟ್ಟಂತೆಯೇ ಸರಿ. ಆ ನಾಲ್ಕೂ ಮಾತು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಿಕೊಳ್ಳುವುದೇ ಓದುವುದರ ಮೊದಲ ಪಾಠ. ಮೊದಲ ಸುತ್ತಿನಲ್ಲಿ ಸುಮ್ಮನೆ ಬ್ಲೈಂಡ್‌ನಷ್ಟೇ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಡುವ ಪಣದಷ್ಟೇ) ಹಾಕಿ ಒಳಗೆ ಬಂದವನು, ಫ್ಲಾಪ್‌ನಲ್ಲಿಯೂ ಟರ್ನ್‌ನಲ್ಲಿಯೂ ಬೇರೆಯವರ ಪಣಕ್ಕೆ ಸಮವಾಗಿ ಹಾಕುತ್ತಲೇ ಬಂದವನು, ಯಾರಿಗೂ ಉಪಯೋಗವಾಗದಂಥ ಎಲೆಯೊಂದು ರಿವರ್‌ನಲ್ಲಿ ತೆರೆದಾಗ ಇದ್ದಕ್ಕಿದ್ದಂತೆ ಡಬ್ಬಿಯನ್ನೇ ಮುಂದಕ್ಕೆ ತಳ್ಳಿದರೆ, ಆ ಕಥೆಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿದೆ ಎಂದು ತಿಳಿಯಬೇಕು. ಅವನು ಕಾಯುತ್ತಿದ್ದ ರಂಗು (ಒಂದೇ ಗುರುತಿನ ಐದು ಎಲೆ) ಬಾರದೆ ಹೋಗಿರಬಹುದು, ಅಥವಾ ಮೊದಲಿನಿಂದಲೂ ಬಲವಾದ ಎಲೆಯನ್ನು ಬಚ್ಚಿಟ್ಟುಕೊಂಡು ಬಂದಿರಬಹುದು. ಇವೆರಡರಲ್ಲಿ ಯಾವುದು ಎಂಬುದನ್ನು ಆ ಮನುಷ್ಯನ ಹಿಂದಿನ ಆಟವೇ ಹೇಳಬೇಕು.

ಆ ಹಿಂದಿನ ಆಟ ಗೊತ್ತಾಗುವುದು ಕೊನೆಯಲ್ಲಿ ಎಲೆ ತೋರಿಸುವಾಗ. ಹೊಸಬರು ಆಗ ಯಾರು ಗೆದ್ದರು ಎಂದಷ್ಟೇ ನೋಡಿ ಮುಂದಿನ ಹಂಚಿಕೆಗೆ ಕೈಯೊಡ್ಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೋರಿಸಿದ ಎರಡು ಎಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಎಲೆ ಹಿಡಿದು ಇವರು ಮೊದಲು ಎಷ್ಟು ಹಾಕಿದ್ದರು, ಫ್ಲಾಪ್‌ನಲ್ಲಿ ಏನು ಮಾಡಿದ್ದರು, ಯಾವಾಗ ತಡಮಾಡಿದ್ದರು ಎಂದು ಹಿಂದಕ್ಕೆ ನಡೆದು ನೋಡಿ. ನಾನು ಇದಕ್ಕಾಗಿಯೇ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ, ಮನೆಗೆ ಬಂದ ಮೇಲೆ ನೆನಪಿದ್ದಷ್ಟನ್ನು ಬರೆಯುತ್ತೇನೆ. ನಮ್ಮಲ್ಲೊಬ್ಬರು ಬಸ್ ಕಂಡಕ್ಟರ್ ಇದ್ದಾರೆ. ಅವರು ನಡುವೆ ಬಿದ್ದ ಬೀಜದ, ಅಂದರೆ ಪಾಟ್‌ನ, ಅರ್ಧದಷ್ಟು ಹಾಕಿದಾಗಲೆಲ್ಲ ಕೈಯಲ್ಲಿ ಜೋಡಿಯೋ ಅದಕ್ಕಿಂತ ಮೇಲಿನದೋ ಇರುತ್ತಿತ್ತು, ಪೂರ್ತಿ ಪಾಟ್‌ನಷ್ಟು ಹಾಕಿದಾಗ ಬಹುಮಟ್ಟಿಗೆ ಏನೂ ಇರುತ್ತಿರಲಿಲ್ಲ. ಒಳ್ಳೆಯ ಎಲೆ ಇದ್ದಾಗ ಎದುರಿನವರು ಉಳಿಯಲಿ ಎಂಬ ಆಸೆ, ಇಲ್ಲದಿದ್ದಾಗ ಎದ್ದುಹೋಗಲಿ ಎಂಬ ಆತುರ. ಆ ಎರಡೂ ಭಾವ ಪಣದ ಅಳತೆಯಲ್ಲಿಯೇ ಬಯಲಾಗುತ್ತಿತ್ತು. ಎರಡು ತಿಂಗಳ ಬರಹವನ್ನು ಒಟ್ಟಿಗೆ ಓದುವವರೆಗೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅನುಮಾನವೆಲ್ಲ ಕಲ್ಪನೆಯಾಗಿಬಿಡುತ್ತದೆ. 52 ಎಲೆಗಳಲ್ಲಿ ಎರಡನ್ನು ಹಂಚುವ ರೀತಿಗಳು 1326. ಅವುಗಳಲ್ಲಿ ಎಕ್ಕದ ಜೋಡಿ ಬರುವುದು 6 ರೀತಿಯಲ್ಲಿ, ಅಂದರೆ 221 ಕೈಗೆ ಒಮ್ಮೆ; ಎಕ್ಕ ಮತ್ತು ರಾಜ ಒಟ್ಟಿಗೆ ಬರುವುದು 16 ರೀತಿಯಲ್ಲಿ. ಫ್ಲಾಪ್‌ನಲ್ಲಿ ಒಂದು ಎಕ್ಕ ತೆರೆದುಕೊಂಡರೆ ಅವು ಕ್ರಮವಾಗಿ 3 ಮತ್ತು 12ಕ್ಕೆ ಇಳಿಯುತ್ತವೆ. ಎದುರಿನವರು ಮೊದಲಿಗೇ ಪಣ ಏರಿಸಿದಾಗ ಎಕ್ಕದ ಜೋಡಿಯೇ ಇರಬೇಕು ಎಂದು ಹೆದರುವವರು ಈ ಸಂಖ್ಯೆಗಳನ್ನು ಒಮ್ಮೆ ನೆನೆಯಬೇಕು. ಇನ್ನೊಂದು ಸಂಗತಿ: ಜೋಡಿಯಲ್ಲದ ಎರಡು ಎಲೆ ಹಿಡಿದವರಿಗೆ ಮೂರರಲ್ಲಿ ಎರಡು ಸಲ ಫ್ಲಾಪ್‌ನಲ್ಲಿ ಒಂದು ಜೋಡಿಯೂ ಕೂಡುವುದಿಲ್ಲ. ಆದ್ದರಿಂದ ಪ್ರತಿಯೊಂದು ಫ್ಲಾಪ್‌ಗೂ ಧೈರ್ಯವಾಗಿ ಪಣ ಕಟ್ಟುವವರ ಹತ್ತಿರ ಪ್ರತಿ ಸಲವೂ ಎಲೆ ಇರಲು ಸಾಧ್ಯವಿಲ್ಲ.

ಇನ್ನು ಹಾವಭಾವ. ನಾನು ಇದರಲ್ಲಿ ಪಟ್ಟ ಪೆಟ್ಟನ್ನು ವಿವರವಾಗಿ ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ನಮ್ಮ ಗುಂಪಿನ ಹಿರಿಯರು ನಿವೃತ್ತ ಮಾಸ್ತರರು. ಒಂದು ರಾತ್ರಿ ನನ್ನ ಕೈಯಲ್ಲಿ ಎಕ್ಕ ಮತ್ತು ರಾಜ ಬಂದಿದ್ದವು. ನಾನು 10 ಬೀಜ ಹಾಕಿದೆ, ಅವರೊಬ್ಬರೇ ಉಳಿದರು. ಫ್ಲಾಪ್‌ನಲ್ಲಿ ಆಟಿನ್ ಎಕ್ಕ, ಕಳಾವರ್ ಒಂಬತ್ತು, ಇಸ್ಪೀಟು ನಾಲ್ಕು ತೆರೆದವು. 20 ಹಾಕಿದೆ, ಅವರೂ 20 ಹಾಕಿದರು. ಟರ್ನ್‌ನಲ್ಲಿ ಡೈಮಂಡ್ ಎರಡು. ನಾನು 30 ಹಾಕಿದೊಡನೆ ಅವರು ಅದನ್ನು 90ಕ್ಕೆ ಏರಿಸಿದರು. ಬೀಜ ತಳ್ಳುವಾಗ ಅವರ ಬೆರಳು ಎಷ್ಟು ನಡುಗಿತೆಂದರೆ ಏಳೆಂಟು ಬೀಜ ಮುಷ್ಟಿಯಿಂದ ಜಾರಿ ಚಾಪೆಯ ಮೇಲೆ ಉರುಳಿದವು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಅಂಜಿದ್ದಾರೆ ಎಂದು ನಿಶ್ಚಯಿಸಿ ನಾನು ಉಳಿದೆ. ರಿವರ್‌ನಲ್ಲಿ ಡೈಮಂಡ್ ಏಳು ಬಂತು. ಅವರು ಉಳಿದಿದ್ದ 80 ಬೀಜವನ್ನೂ ಇಟ್ಟರು, ನಾನೂ ಇಟ್ಟೆ. ಅವರು ತೋರಿಸಿದ್ದು ಒಂಬತ್ತರ ಜೋಡಿ, ಬೋರ್ಡಿನ (ನಡುವೆ ತೆರೆದ ಎಲೆಗಳ) ಒಂಬತ್ತು ಸೇರಿ ಮೂರು. "ತಮ್ಮಾ, ಕೈ ನಡುಗಿದ್ದು ಅಂಜಿಕಿಗಲ್ಲಪ, ಖುಷಿಗೆ" ಎಂದು ಅವರು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಹೊಸಬರ ನಡುಗುವ ಕೈ ಬಹುತೇಕ ಬಲವಾದ ಎಲೆಯ ಗುರುತು. ಬಹಳ ಹೊತ್ತು ಕಾದ ಎಲೆ ಕೂಡಿಬಂದಾಗ ಒಳಗಿನ ಉದ್ವೇಗ ಕೈಗೆ ಇಳಿಯುತ್ತದೆ. ಸುಳ್ಳು ಪಣ ಕಟ್ಟಿದವನು ಸಿಕ್ಕಿಬೀಳುವ ಭಯದಿಂದ ಮೈಯನ್ನು ಬಿಗಿಹಿಡಿದು, ಉಸಿರನ್ನೂ ಸಣ್ಣಗೆ ಮಾಡಿಕೊಂಡು ಅಲುಗಾಡದೆ ಕೂರುತ್ತಾನೆ. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮನೆಗೆ ಬಂದು ನೋಟ್‌ಬುಕ್ ತೆರೆದಾಗ ಕಂಡೆ. ಮಾಸ್ತರರು ಟರ್ನ್‌ನಲ್ಲಿ ಪಣ ಏರಿಸಿದ ಸಂದರ್ಭಗಳನ್ನು ನಾನೇ ಬರೆದಿಟ್ಟಿದ್ದೆ, ಅವುಗಳಲ್ಲಿ ಒಮ್ಮೆಯೂ ಅವರ ಬಳಿ ಎರಡು ಜೋಡಿಗಿಂತ ಕಡಿಮೆ ಇರಲಿಲ್ಲ. ಪಣವು ಸ್ಪಷ್ಟವಾಗಿ ಹೇಳಿದ್ದನ್ನು ಬೆರಳಿನ ನಡುಕ ನೋಡಿ ತಳ್ಳಿಹಾಕಿದ್ದೆ. ಅಂದಿನಿಂದ, ಹಾವಭಾವ ಮತ್ತು ಪಣ ಬೇರೆ ಬೇರೆ ಹೇಳಿದಾಗ ನಾನು ಪಣವನ್ನೇ ನಂಬುತ್ತೇನೆ.

ಮುಖವನ್ನು ಕಡಿಮೆ ನಂಬಿ ಎನ್ನುವುದಕ್ಕೆ ನನ್ನ ಅನುಭವವೊಂದೇ ಆಧಾರವಲ್ಲ. ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವೃತ್ತಿಪರ ಆಟಗಾರರು ಪಣ ಇಡುವ ವಿಡಿಯೊ ತುಣುಕುಗಳನ್ನು ಜನರಿಗೆ ತೋರಿಸಿ ಎಲೆ ಎಷ್ಟು ಒಳ್ಳೆಯದೆಂದು ಊಹಿಸಲು ಹೇಳಿದ್ದರು. ಮುಖ ಮಾತ್ರ ನೋಡಿದವರ ಊಹೆ ಕಣ್ಣುಮುಚ್ಚಿ ಹೇಳುವುದಕ್ಕಿಂತಲೂ ಕೆಳಗಿತ್ತು; ತೋಳು ಮತ್ತು ಕೈ ಮಾತ್ರ ನೋಡಿದವರು ಅದಕ್ಕಿಂತ ಮೇಲಾಗಿ ಊಹಿಸಿದರು. ಚಿಪ್ಸ್ (ಪಣದ ಬಿಲ್ಲೆ) ತಳ್ಳುವ ಕೈ ಸರಾಗವಾಗಿ ಚಲಿಸಿದಷ್ಟೂ ಎಲೆ ಚೆನ್ನಾಗಿರುವ ಸಂಭವ ಹೆಚ್ಚಿತ್ತು. ಇದು ನಡುಗುವ ಕೈಯ ಮಾತಿಗೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ವರ್ಷಾನುಗಟ್ಟಲೆ ಆಡಿದವರಿಗೆ ಒಳ್ಳೆಯ ಎಲೆ ಬಂದಾಗ ಕೈ ನಡುಗುವಷ್ಟು ಉದ್ವೇಗ ಉಳಿದಿರುವುದಿಲ್ಲ, ಬದಲಿಗೆ ಆತ್ಮವಿಶ್ವಾಸ ಕೈಯನ್ನು ಹಗುರವಾಗಿ ನಡೆಸುತ್ತದೆ. ನಮ್ಮಂಥವರ ಚಾಪೆಯ ಮೇಲೆ ಹಾಗಲ್ಲ. ಒಂದು ಕಡೆಯ ಗುರುತನ್ನು ಇನ್ನೊಂದು ಕಡೆಗೆ ಹಾಗೆಯೇ ಹೊತ್ತೊಯ್ಯಬಾರದು.

ಹೀಗಾಗಿ ಪ್ರತಿಯೊಬ್ಬರ ಸಹಜ ಸ್ಥಿತಿ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ನಮ್ಮಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಗೆಳೆಯನಿದ್ದಾನೆ. ರಾತ್ರಿ ಪಾಳಿಯ ವಾರದಲ್ಲಿ ಅವನು ಮಾತಾಡುವುದೇ ಇಲ್ಲ, ಕಣ್ಣು ಅರ್ಧ ಮುಚ್ಚಿರುತ್ತವೆ. ಮೊದಮೊದಲು ನಾನು ಅದನ್ನು ಬಲವಾದ ಎಲೆ ಬಚ್ಚಿಡುವವನ ಗಾಂಭೀರ್ಯ ಎಂದುಕೊಂಡು ಎಷ್ಟೋ ಕೈಗಳನ್ನು ಸುಮ್ಮನೆ ಬಿಟ್ಟುಕೊಟ್ಟೆ. ಅದು ಬರಿಯ ನಿದ್ದೆಗೇಡು. ಆಟದಿಂದ ಹೊರಗಿರುವಾಗ ಮನುಷ್ಯ ಹೇಗೆ ಕೂರುತ್ತಾನೆ, ಬೀಜವನ್ನು ಹೇಗೆ ಜೋಡಿಸಿಕೊಳ್ಳುತ್ತಾನೆ, ಚಹಾ ಹೇಗೆ ಕುಡಿಯುತ್ತಾನೆ ಎಂದು ನೋಡಿಟ್ಟುಕೊಂಡರೆ, ಆಟದೊಳಗೆ ಅದು ಬದಲಾದ ಕ್ಷಣ ನಿಮಗೆ ತಾನಾಗಿಯೇ ಕಾಣುತ್ತದೆ.

ಹೆಚ್ಚಿನ ಹೊಸ ಆಟಗಾರರಲ್ಲಿ ನಾನು ಮತ್ತೆ ಮತ್ತೆ ಕಂಡ ಕೆಲವು ಗುರುತುಗಳನ್ನು ಹೇಳಬಹುದು. ಫ್ಲಾಪ್ ತೆರೆದಾಗ ನೀವು ಎಲೆಗಳನ್ನು ನೋಡಬೇಡಿ, ಅವು ಎಲ್ಲಿಗೂ ಹೋಗುವುದಿಲ್ಲ. ಎದುರಿನವರ ಕಣ್ಣನ್ನು ನೋಡಿ. ಎಲೆ ಕೂಡಿಬಂದವರ ಕಣ್ಣು ಅರೆಕ್ಷಣ ತಮ್ಮ ಚಿಪ್ಸ್ ಕಡೆಗೆ ಹೋಗಿ ಆಮೇಲೆ ಬೇರೆಲ್ಲೋ ತಿರುಗುತ್ತದೆ, ಕೂಡದವರು ಬೋರ್ಡನ್ನೇ ದಿಟ್ಟಿಸುತ್ತಾರೆ. ಒಂದೇ ರಂಗಿನ ಮೂರು ಎಲೆ ತೆರೆದಾಗ ತಮ್ಮ ಎಲೆಯನ್ನು ಮತ್ತೊಮ್ಮೆ ಎತ್ತಿ ನೋಡುವವರ ಬಳಿ ಆ ರಂಗಿನ ಎರಡು ಎಲೆ ಇರುವುದು ಅಪರೂಪ. ಎರಡಿದ್ದರೆ ಅವರಿಗೆ ನೆನಪಿರುತ್ತಿತ್ತು, ಒಂದಾದರೂ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತಿದ್ದಾರೆ. ಪಣಕ್ಕೆ ತಕ್ಷಣ ಸಮ ಹಾಕುವವರು ಸಾಮಾನ್ಯವಾಗಿ ರಂಗಿಗೋ ಸಾಲಿಗೋ (ಅನುಕ್ರಮವಾದ ಐದು ಎಲೆಗೋ) ಕಾಯುತ್ತಿರುತ್ತಾರೆ, ಏಕೆಂದರೆ ನಿಜವಾಗಿ ಬಲವಾದ ಎಲೆ ಇದ್ದವರು ಏರಿಸಲೇ ಬೇಡವೇ ಎಂದು ಸ್ವಲ್ಪ ಯೋಚಿಸಿಯೇ ಯೋಚಿಸುತ್ತಾರೆ. ರಂಗಿಗೆ ಒಂದು ಎಲೆ ಕಡಿಮೆಯಿದ್ದವರಿಗೆ ಅದು ಮುಂದಿನ ಎಲೆಯಲ್ಲೇ ಬರುವ ಸಂಭವ 47ರಲ್ಲಿ 9, ಅಂದರೆ ಐದರಲ್ಲಿ ಒಂದಕ್ಕೂ ಕಡಿಮೆ. 100ರ ಪಾಟ್‌ಗೆ ನೀವು 50 ಹಾಕಿದರೆ ಅವರು (ತಮ್ಮ 50 ಸೇರಿ) 200ರ ಪಾಟ್‌ಗಾಗಿ 50 ಕೊಡುತ್ತಿದ್ದಾರೆ, ಅವರಿಗೆ ನಾಲ್ಕರಲ್ಲಿ ಒಂದರ ಸಂಭವ ಬೇಕು. ತಕ್ಷಣ ಹಾಕಿದವರನ್ನು ಗುರುತಿಸಿದರೆ ಎಷ್ಟು ಪಣ ಕಟ್ಟಬೇಕೆಂಬುದೂ ಹೀಗೆ ನಿಮಗೆ ಗೊತ್ತಾಗುತ್ತದೆ.

ನಿಟ್ಟುಸಿರು ಬಿಟ್ಟು, ಭುಜ ಕುಣಿಸಿ, ಮನಸ್ಸಿಲ್ಲದವರಂತೆ ಪಣ ಏರಿಸುವವರ ಬಗ್ಗೆ ಮಾತ್ರ ಎಚ್ಚರವಾಗಿರಿ. ಇದನ್ನು ನಾನು ಕಲಿತದ್ದು ಗಂಜ್‌ನಲ್ಲಿ. ಹತ್ತಿಯ ಅಂಡಿಗೆಯಿಂದ ಒಂದು ಹಿಡಿ ಎಳೆದು, ಬೆರಳುಗಳ ನಡುವೆ ಎಳೆಯ ಉದ್ದ ನೋಡಿ, ತೇವ ಬಹಳ, ಕಸ ಬಹಳ ಎಂದು ಹೆಚ್ಚು ಗೊಣಗುವ ಖರೀದಿದಾರರೇ ಆ ಮಾಲಿಗೆ ಒಳ್ಳೆಯ ದರ ಬರೆಯುವುದನ್ನು ಹಂಗಾಮಿನುದ್ದಕ್ಕೂ ಕಂಡಿದ್ದೇನೆ. ಬೇಡವಾದ ಮಾಲಿನ ಮುಂದೆ ಅವರು ನಿಲ್ಲುವುದೂ ಇಲ್ಲ, ಬಯ್ಯುವುದೂ ಇಲ್ಲ. ಎಲೆ ಇಲ್ಲದವರಿಗೂ ನಾಟಕದ ಅಗತ್ಯವಿರುವುದಿಲ್ಲ, ಸುಮ್ಮನೆ ಎಲೆ ಕೆಳಗಿಡುತ್ತಾರೆ.

ನೀವು ಮೊದಲು ಮೊಬೈಲ್‌ನಲ್ಲಿ ಕಲಿತದ್ದೆಂದು ಬರೆದಿರುವುದರಿಂದ ಒಂದು ಮಾತು ಸೇರಿಸಬೇಕು. ಅಲ್ಲಿ ಓದಲು ಸಿಗುವುದು ಪಣದ ಅಳತೆ ಮತ್ತು ತೆಗೆದುಕೊಂಡ ಸಮಯ, ಇವೆರಡೇ. ಅಲ್ಲದೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಎಲೆಗಳು ಹೊರಬರುತ್ತವೆ, ಹಣವಿಟ್ಟ ಕಡೆಗೆ ಪೊಲೀಸರೂ ಬರುತ್ತಾರೆ. ಬೀಜವಿಟ್ಟು ಆಡಿದರೆ ಕಲಿಕೆಗೆ ಏನೂ ಕೊರತೆಯಾಗುವುದಿಲ್ಲ ಎಂದು ಆರು ವರ್ಷದ ಅನುಭವದಿಂದ ಹೇಳುತ್ತೇನೆ.

ನಿಮ್ಮ ಮುಖ ಎಲ್ಲರಿಗೂ ಕಾಣುತ್ತದೆ ಎಂಬ ಚಿಂತೆಗೆ ಪರಿಹಾರ ಮುಖವನ್ನು ಕಲ್ಲು ಮಾಡಿಕೊಳ್ಳುವುದಲ್ಲ. ಅದು ಒಂದು ಗಂಟೆಯೂ ನಿಲ್ಲುವುದಿಲ್ಲ. ಎಲ್ಲ ಕೈಗಳಲ್ಲಿಯೂ ಒಂದೇ ರೂಢಿ ಇಟ್ಟುಕೊಳ್ಳಿ. ಎಲೆ ಬಂದ ಕೂಡಲೇ ಎತ್ತಿ ನೋಡದೆ ನಿಮ್ಮ ಸರದಿ ಬಂದಾಗಲೇ ನೋಡಿ, ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ತೀರ್ಮಾನಿಸಿ. ಎಲೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಚಿಪ್ಸ್ ತಳ್ಳುವ ಕೈಯೂ ತಳ್ಳುವ ಅಳತೆಯೂ ಒಂದೇ ಆಗಿರಲಿ. ಹೀಗೆ ನಿಧಾನಿಸುವುದರಿಂದ ಎದುರಿನವರನ್ನು ನೋಡಲು ನಿಮ್ಮ ಕಣ್ಣಿಗೂ ಬಿಡುವು ಸಿಗುತ್ತದೆ. ಮುಂದಿನ ಸಲ ಕುಳಿತಾಗ ಎಲ್ಲರನ್ನೂ ಓದಲು ಹೋಗದೆ ನಿಮ್ಮ ಎಡಗಡೆ ಕುಳಿತವರೊಬ್ಬರನ್ನೇ ನೋಡಿ. ಸರದಿ ಎಡಕ್ಕೆ ಸಾಗುವುದರಿಂದ ಅವರು ನಿಮ್ಮ ನಂತರ ಆಡುವವರು, ಮತ್ತು ಹೊಸಬರು ತಮ್ಮ ಸರದಿ ಬರುವ ಮೊದಲೇ ಎಲೆ ನೋಡಿ, ಬಿಡುವುದಾದರೆ ಅದನ್ನು ಎಸೆಯಲು ಬೆರಳ ತುದಿಯಲ್ಲಿ ಹಿಡಿದಿರುತ್ತಾರೆ, ಆಡುವುದಾದರೆ ಚಿಪ್ಸ್ ಮೇಲೆ ಕೈಯಿಟ್ಟಿರುತ್ತಾರೆ.